ಹೊಸ ಡಿಎಲ್, ಹಳೇ ರಸ್ತೆ: ಎದುರಿನವರ ಲೈಟು, ಹಾರನ್ನು ಏನು ಹೇಳುತ್ತವೆ? ತಿಳಿಸಿಕೊಡಿ

ಹುಣಸೂರಿನ ಮಗಳು (ಶನಿವಾರ ರಾತ್ರಿ)

ಎಲ್ಲರಿಗೂ ನಮಸ್ಕಾರ. ನನಗೆ 47 ವರ್ಷ. ಹೋದ ತಿಂಗಳು ಕಾರಿನ ಡಿಎಲ್ ಕೈಗೆ ಬಂತು. ಅಪ್ಪನಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್ ಇದೆ. ಹುಣಸೂರು ತಾಲ್ಲೂಕಿನ ನಮ್ಮ ಹಳ್ಳಿಯಿಂದ ಮೈಸೂರಿಗೆ ಹೋಗಿ ಬರಬೇಕು. ಇಷ್ಟು ದಿನ ತಮ್ಮ ಕರೆದುಕೊಂಡು ಹೋಗುತ್ತಿದ್ದ. ಅವನಿಗೆ ಈಗ ಹೊಸೂರಿನಲ್ಲಿ ಕೆಲಸ ಸಿಕ್ಕಿದೆ. ತಿಂಗಳಿಗೆ ಎಂಟು ಸಲ ಬಾಡಿಗೆ ಕಾರು ಮಾಡುವ ಶಕ್ತಿ ನಮಗಿಲ್ಲ. ಅದಕ್ಕೆ ನಾನೇ ಕಲಿತೆ.

ನಾನು ಸೇರಿದ ಡ್ರೈವಿಂಗ್ ಸ್ಕೂಲಿನಲ್ಲಿ ಒಂದೇ ಕಾರಿಗೆ ನಾಲ್ಕು ಜನ. ಒಬ್ಬೊಬ್ಬರಿಗೆ ಕಾಲು ಗಂಟೆ. ಮೈದಾನದಲ್ಲಿ ಎಂಟು ಹಾಕಿಸಿದರು, ರಿವರ್ಸ್ ಹಾಕಿಸಿದರು. ಮುಖ್ಯ ರಸ್ತೆಗೆ ಕರೆದುಕೊಂಡು ಹೋದದ್ದು ಎರಡೇ ದಿನ. ಕಲಿಸುವವರ ಕಾಲು ಯಾವಾಗಲೂ ಅವರ ಕಡೆಯ ಬ್ರೇಕಿನ ಮೇಲೇ ಇರುತ್ತಿತ್ತು. ಗಾಡಿ ನಿಲ್ಲಿಸಿದ್ದು ನಾನೋ ಅವರೋ ನನಗೇ ಗೊತ್ತಾಗುತ್ತಿರಲಿಲ್ಲ.

ಆಮೇಲೆ ತಮ್ಮನ ಜತೆ ಒಂದು ತಿಂಗಳು ಓಡಿಸಿದೆ. ಕ್ಲಚ್ಚು, ಗೇರು ಈಗ ಕೈಕಾಲಿಗೆ ಬಂದಿವೆ. ನನಗೆ ತಿಳಿಯದೇ ಇರುವುದು ಬೇರೆಯವರು ಏನು ಹೇಳುತ್ತಿದ್ದಾರೆ ಅನ್ನುವುದು. ಹೋದ ಸೋಮವಾರ ನಮ್ಮ ಹಳ್ಳಿಯಿಂದ ಹೈವೇಗೆ ಸೇರುವ ರಸ್ತೆಯಲ್ಲಿ ಮುಂದೆ ಒಂದು ಲಾರಿ ಇತ್ತು. ಬಲಗಡೆ ಇಂಡಿಕೇಟರ್ ಹಾಕಿತು. ಬಲಕ್ಕೆ ತಿರುಗುತ್ತದೆ ಅಂತ ನಿಧಾನ ಮಾಡಿದೆ. ಲಾರಿಯವರು ಕೈ ಹೊರಗೆ ಹಾಕಿ ಹೋಗು ಹೋಗು ಅಂದರು. ಓಹೋ, ಇದರ ಅರ್ಥ ಹೀಗೆ ಅಂದುಕೊಂಡೆ. ಗುರುವಾರ ಅದೇ ರಸ್ತೆ. ಈ ಸಲ ಮುಂದೆ ಟ್ರ್ಯಾಕ್ಟರ್. ಬಲ ಇಂಡಿಕೇಟರ್ ಬಂತು. ಹೋಗು ಅಂತಿದ್ದಾರೆ ಅಂತ ನಾನು ಬಲಕ್ಕೆ ಬಂದೆ. ಟ್ರ್ಯಾಕ್ಟರ್ ಹೊಲದ ದಾರಿಗೆ ಬಲಕ್ಕೇ ತಿರುಗಿತು. ಒಂದು ಗೇಣಿನಲ್ಲಿ ತಪ್ಪಿತು.

ಅಪ್ಪ ಪಕ್ಕದಲ್ಲೇ ಕೂತಿದ್ದರು. ಒಂದು ಮಾತೂ ಬೈಯಲಿಲ್ಲ. ಮನೆಗೆ ಬಂದು ಕಾಲು ತೊಳೆದುಕೊಂಡ ಮೇಲೆ "ಬಸ್ಸಲ್ಲೇ ಹೋಗೋಣ ಬಿಡು ಮಗಾ" ಅಂದರು. ಡಯಾಲಿಸಿಸ್ ಮುಗಿಸಿದ ದಿನ ಅವರಿಗೆ ನಿಂತುಕೊಳ್ಳುವುದಕ್ಕೂ ಆಗುವುದಿಲ್ಲ. ಬಸ್ಸಿನಲ್ಲಿ ಹೇಗೆ ಕರೆದುಕೊಂಡು ಬರಲಿ?

ದಯವಿಟ್ಟು ತಿಳಿದವರು ಹೇಳಿ. ಇಂಡಿಕೇಟರ್, ಲೈಟು, ಹಾರನ್ನು, ಕೈಸನ್ನೆ. ಇವುಗಳನ್ನು ಹೇಗೆ ಓದಬೇಕು? ಮೈಸೂರಿನ ಸರ್ಕಲ್‌ಗಳಲ್ಲಿ ಯಾರು ಮೊದಲು ಹೋಗಬೇಕು?

ನಿವೃತ್ತ ಬಸ್ ಚಾಲಕ, ಅರಸೀಕೆರೆ (ಶನಿವಾರ ರಾತ್ರಿ)

ತಂಗೀ, ನಾನು 31 ವರ್ಷ ಸರ್ಕಾರಿ ಬಸ್ಸು ಓಡಿಸಿದವನು. ಅದರಲ್ಲಿ ಹನ್ನೊಂದು ವರ್ಷ ಶಿರಾಡಿ ಘಾಟಿಯಲ್ಲೇ ಕಳೆದೆ. ನಿನ್ನ ಪ್ರಶ್ನೆ ಸಣ್ಣದಲ್ಲ. ಹತ್ತು ವರ್ಷ ಓಡಿಸಿದವರೂ ಇದರಲ್ಲಿ ಎಡವುತ್ತಾರೆ.

ಲಾರಿಯವರು ಬಲ ಇಂಡಿಕೇಟರ್ ಹಾಕಿ ದಾರಿ ಬಿಡುವುದು ಹಳೇ ರೂಢಿ. ಕಾನೂನಿನ ಪ್ರಕಾರ ಬಲ ಇಂಡಿಕೇಟರ್ ಅಂದರೆ ನಾನು ಬಲಕ್ಕೆ ಬರುತ್ತೇನೆ ಅಂತ ಮಾತ್ರ. ಒಂದೇ ದೀಪಕ್ಕೆ ಎರಡು ಅರ್ಥ ಬಂದಿದೆ. ಎರಡೂ ಒಂದಕ್ಕೊಂದು ಉಲ್ಟಾ. ಹಾಗಾಗಿ ನೀನು ದೀಪವೊಂದನ್ನೇ ನಂಬಬೇಡ, ಗಾಡಿಯ ಮೈ ನೋಡು. ದಾರಿ ಬಿಡುವವನು ಎಡಕ್ಕೆ ಸರಿಯುತ್ತಾನೆ, ಅವನ ಎಡಗಡೆ ಚಕ್ರ ಮಣ್ಣಿನ ಅಂಚಿಗೆ ಬರುತ್ತದೆ. ತಿರುಗುವವನು ರಸ್ತೆಯ ಮಧ್ಯಕ್ಕೆ ಬರುತ್ತಾನೆ, ವೇಗ ಇಳಿಯುತ್ತದೆ, ಬ್ರೇಕ್ ಲೈಟ್ ಹತ್ತುತ್ತದೆ. ಆಮೇಲೆ ಬಲಗಡೆ ಏನಿದೆ ನೋಡು. ಹೊಲದ ದಾರಿ, ಪೆಟ್ರೋಲ್ ಬಂಕ್, ಡಾಬಾ, ಮನೆಯ ಗೇಟು ಇದ್ದರೆ ತಿರುಗುತ್ತಾನೆ ಅಂತಲೇ ಎಣಿಸು.

ಇನ್ನೊಂದು. ಅವನು ಹೋಗು ಅಂದರೂ ಎದುರಿನ ರಸ್ತೆ ನಿನ್ನ ಕಣ್ಣಿಗೇ ಕಾಣಬೇಕು. ಕಾಣಲಿಲ್ಲವಾ, ಅವನ ಹಿಂದೆಯೇ ಇರು. ಹಿಂದಿನವನು ಹಾರನ್ ಒತ್ತಿಕೊಳ್ಳಲಿ.

ಎದುರಿನಿಂದ ಲೈಟ್ ಮಿಣುಕಿಸಿದರೆ ನಮ್ಮ ಕಡೆ ಅದರ ಅರ್ಥ "ನಾನು ಬರ್ತಾ ಇದ್ದೀನಿ, ನೀನು ನಿಲ್ಲು". ಕಿರಿದಾದ ಸೇತುವೆ ಬಳಿ ಯಾರು ಮೊದಲು ಮಿಣುಕಿಸಿದರೋ ಅವರು ನುಗ್ಗುತ್ತಾರೆ. ಜಗಳಕ್ಕೆ ಹೋಗಬೇಡ, ನಿಲ್ಲು. ಪೊಲೀಸ್ ಚೆಕಿಂಗ್ ಇದೆ ಅಂತ ಹೇಳುವುದಕ್ಕೂ, ನಿನ್ನ ಹೈ ಬೀಮ್ ಇಳಿಸು ಅನ್ನುವುದಕ್ಕೂ ಮಿಣುಕಿಸುತ್ತಾರೆ. ಮೊದಲು ನಿನ್ನ ಲೈಟ್ ನೋಡಿಕೋ.

ಸ್ಟುಟ್‌ಗಾರ್ಟ್ ಕನ್ನಡಿಗ (ಭಾನುವಾರ ಬೆಳಗ್ಗೆ)

ಅಕ್ಕಾ, ಮಿಣುಕಿಸುವ ವಿಷಯದಲ್ಲಿ ನನಗೂ ಪೆಟ್ಟು ಬೀಳುವುದರಲ್ಲಿತ್ತು. ಜರ್ಮನಿಯಲ್ಲಿ ಎದುರಿನವರು ಒಮ್ಮೆ ಲೈಟ್ ಮಿಣುಕಿಸಿದರೆ ಸಾಮಾನ್ಯವಾಗಿ "ನೀವು ಹೋಗಿ, ನಾನು ಕಾಯ್ತೀನಿ" ಅಂತ. ಅಲ್ಲೂ ಅದು ಬರೀ ರೂಢಿ, ಕಾನೂನಲ್ಲ. ಎಂಟು ವರ್ಷ ಅದೇ ಅಭ್ಯಾಸವಾಗಿತ್ತು. ರಜೆಗೆ ದಾವಣಗೆರೆಗೆ ಬಂದಾಗ ಎದುರಿನಿಂದ ಒಂದು ಬಸ್ಸು ಮಿಣುಕಿಸಿತು. ಥ್ಯಾಂಕ್ಸ್ ಅಂತ ಕೈ ಎತ್ತಿ ಬಲಕ್ಕೆ ತಿರುಗಿಸಿದೆ. ಬಸ್ಸು ನಿಲ್ಲಲೇ ಇಲ್ಲ. ಹೆಂಡತಿ ಕೂಗಿದ್ದರಿಂದ ಉಳಿದೆವು.

ಇಂಡಿಯಾದ ಲೈಸೆನ್ಸ್ ಇಲ್ಲಿ ಆರು ತಿಂಗಳು ಮಾತ್ರ ನಡೆಯುತ್ತದೆ. ಆಮೇಲೆ ಥಿಯರಿ, ಪ್ರಾಕ್ಟಿಕಲ್ ಎರಡೂ ಪರೀಕ್ಷೆ ಪಾಸಾಗಬೇಕು. ನಾನು ಊರಲ್ಲಿ ಒಂಬತ್ತು ವರ್ಷ ಓಡಿಸಿದವನು, ಮೊದಲ ಸಲ ಫೇಲಾದೆ. ಕಾರಣ, ಎಡಬಲಕ್ಕೆ ಸರಿಯುವ ಮೊದಲು ತಲೆ ತಿರುಗಿಸಿ ಭುಜದ ಆಚೆ ನೋಡಲಿಲ್ಲ. ಕನ್ನಡಿಯಲ್ಲಿ ಕಾಣದ ಒಂದು ಜಾಗ ಪ್ರತಿ ಕಾರಿಗೂ ಇರುತ್ತದೆ, ಒಂದು ಬೈಕ್ ಪೂರ್ತಿ ಅದರಲ್ಲಿ ಅಡಗಿಕೊಳ್ಳುತ್ತದೆ. ಮೊದಲ ಸಲ ಕಲಿಯುವವರಿಗಂತೂ ಇಲ್ಲಿ ಹನ್ನೆರಡು ವಿಶೇಷ ಪಾಠ ಕಡ್ಡಾಯ, ಒಂದೊಂದೂ 45 ನಿಮಿಷ. ಐದು ಊರಾಚೆಯ ರಸ್ತೆಯಲ್ಲಿ, ನಾಲ್ಕು ಹೈವೇಯಲ್ಲಿ, ಮೂರು ಕತ್ತಲಲ್ಲಿ. ಪ್ರಥಮ ಚಿಕಿತ್ಸೆಯ ಕೋರ್ಸ್ ಬೇರೆ. ನಿಮಗೆ ಕತ್ತಲಲ್ಲಿ ಓಡಿಸಲು ಯಾರಾದರೂ ಕಲಿಸಿದರಾ? ನನಗಂತೂ ಊರಲ್ಲಿ ಯಾರೂ ಕಲಿಸಲಿಲ್ಲ.

ಬೈಪಾಸ್ ರಸ್ತೆ, ತುಮಕೂರು (ಭಾನುವಾರ ಬೆಳಗ್ಗೆ)

ಅಲ್ಲಿನದು ಇಲ್ಲಿ ನಡೆಯಲ್ಲ ಸರ್. ಇಲ್ಲಿ ರಾಂಗ್ ಸೈಡಲ್ಲಿ ಬರುವವರು, ದನ, ನಾಯಿ, ಹಂಪು, ಗುಂಡಿ ಎಲ್ಲ ಒಟ್ಟಿಗೆ. ನುಗ್ಗದೇ ಇದ್ದರೆ ದಿನವಿಡೀ ನಿಂತೇ ಇರಬೇಕು. ಅಕ್ಕಾವ್ರೆ, ಧೈರ್ಯ ಮಾಡಿ ಗಾಡಿ ನುಗ್ಗಿಸಿ. ಹೆದರಿದವರಿಗೆ ಯಾರೂ ದಾರಿ ಬಿಡಲ್ಲ.

ಡ್ರೈವಿಂಗ್ ಮೇಷ್ಟ್ರು, ಶಿವಮೊಗ್ಗ (ಭಾನುವಾರ ಮಧ್ಯಾಹ್ನ)

ಮೇಡಂ, ನಾನು ಹದಿನಾಲ್ಕು ವರ್ಷದಿಂದ ಕಾರು ಕಲಿಸುತ್ತಿದ್ದೇನೆ. ನಿಮಗೆ ಆದದ್ದು ಓದಿ ಬೇಜಾರಾಯಿತು. ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಕಾರು ಕಲಿಸಲು ಕನಿಷ್ಠ 21 ದಿನ, ಅದರಲ್ಲಿ ಸ್ಟೇರಿಂಗ್ ಹಿಡಿದು ಓಡಿಸುವುದು ಕನಿಷ್ಠ ಹತ್ತು ಗಂಟೆ ಅಂತ ಬರೆದಿದೆ. ದಿನಕ್ಕೆ ಕಾಲು ಗಂಟೆಯ ಲೆಕ್ಕದಲ್ಲಿ ನಿಮಗೆ ಸಿಕ್ಕಿದ್ದು ಐದು ಗಂಟೆ. ಅರ್ಧ ಪಾಠ ಬಾಕಿ ಇದೆ. ತಪ್ಪು ನಿಮ್ಮದಲ್ಲ.

ಜನರೂ ಒಂದು ವಿಷಯ ತಿಳಿದುಕೊಳ್ಳಬೇಕು. ನಮ್ಮಲ್ಲಿಗೆ ಬಂದವರು ಮೊದಲು ಕೇಳುವುದೇ "ಎಷ್ಟು ದಿನಕ್ಕೆ ಡಿಎಲ್ ಮಾಡಿಸಿಕೊಡ್ತೀರಿ?" ಅಂತ. ಎಲ್‌ಎಲ್ ಅಂದರೆ ಕಲಿಯುವವರ ಲೈಸೆನ್ಸ್ ಆದ 30 ದಿನಕ್ಕೆ ಟೆಸ್ಟ್ ಕೊಡಬಹುದು, ನಿಜ. ಆದರೆ ಎಲ್‌ಎಲ್‌ಗೆ ಆರು ತಿಂಗಳು ಬಾಳಿಕೆ ಇದೆ. ಆ ಆರು ತಿಂಗಳು ಕಲಿಯುವುದಕ್ಕೆ ಕೊಟ್ಟ ಕಾಲ. ಪಕ್ಕದಲ್ಲಿ ಡಿಎಲ್ ಇರುವವರನ್ನು ಕೂರಿಸಿಕೊಂಡು ಮಳೆಯಲ್ಲಿ, ಸಂಜೆಯಲ್ಲಿ, ಸಂತೆಯ ದಿನ ಓಡಿಸಿ ನೋಡುವುದಕ್ಕೆ. 31ನೇ ದಿನಕ್ಕೇ ಟೆಸ್ಟ್ ಕೇಳಿದರೆ ನಾವು ಮೈದಾನದ ಎಂಟು ಕಲಿಸಿ ಕಳಿಸುತ್ತೇವೆ.

ನಿಮ್ಮ ಸರ್ಕಲ್ ಪ್ರಶ್ನೆ. 2017ರ ಚಾಲನಾ ನಿಯಮಗಳ ಪ್ರಕಾರ ಸರ್ಕಲ್ಲಿನ ಒಳಗೆ ಆಗಲೇ ಸುತ್ತುತ್ತಿರುವ ಗಾಡಿಗೆ ಮೊದಲ ಹಕ್ಕು. ಹೊರಗಿನಿಂದ ಸೇರುವವರು ಕಾಯಬೇಕು. ನಮ್ಮಲ್ಲಿ ಗಡಿಯಾರದ ಮುಳ್ಳಿನಂತೆ ಸುತ್ತುತ್ತೇವೆ, ಹಾಗಾಗಿ ಸರ್ಕಲ್ ಮುಟ್ಟುವ ಮೊದಲು ನಿಮ್ಮ ಕಣ್ಣು ಬಲಕ್ಕೆ ಇರಬೇಕು. ಬಲದಿಂದ ಬರುವವರು ದಾಟಿದ ಮೇಲೆ ಸೇರಿ. ಹೊರಗೆ ಹೋಗುವ ರಸ್ತೆ ಹತ್ತಿರ ಬಂದಾಗ ಎಡ ಇಂಡಿಕೇಟರ್ ಹಾಕಿ. ಆ ಒಂದು ದೀಪ ನೋಡಿ ನಿಮ್ಮ ಎಡಗಡೆ ಕಾಯುತ್ತಿರುವ ಸ್ಕೂಟರಿನವರು ಹೊರಡಬಹುದು. ನೀವು ಹಾಕದಿದ್ದರೆ ಅವರು ಸುಮ್ನೆ ಕಾಯುತ್ತಲೇ ಇರುತ್ತಾರೆ.

ಎಲ್ಲರಿಗೂ ಹೇಳುತ್ತೇನೆ. ನಾಲ್ಕೂ ಇಂಡಿಕೇಟರ್ ಒಟ್ಟಿಗೆ ಹಾಕಿಕೊಂಡು ಸರ್ಕಲ್ ದಾಟಬೇಡಿ. ನೇರ ಹೋಗ್ತೀನಿ ಅಂತ ಅದಕ್ಕೆ ಅರ್ಥವಿಲ್ಲ. ಎಡದಿಂದ ನೋಡುವವರಿಗೆ ಎಡ ದೀಪ ಕಾಣುತ್ತದೆ, ಬಲದವರಿಗೆ ಬಲ ದೀಪ. ಇಬ್ಬರೂ ತಪ್ಪು ತಿಳಿಯುತ್ತಾರೆ. ಮಳೆಯಲ್ಲಿ ಓಡುವಾಗಲೂ ಹಾಕಬೇಡಿ, ಹೆಡ್‌ಲೈಟ್ ಹಾಕಿ ಸಾಕು. ನಾಲ್ಕೂ ದೀಪ ಕೆಟ್ಟು ನಿಂತ ಗಾಡಿಗೆ.

ತುಮಕೂರಿನವರೇ, ಹೊಸಬರಿಗೆ ನುಗ್ಗಿ ಅಂತ ಹೇಳಬೇಡಿ ದಯವಿಟ್ಟು. ಅವರ ಪಕ್ಕದಲ್ಲಿ ಕಾಯಿಲೆಯ ತಂದೆ ಕೂತಿರುತ್ತಾರೆ.

ಸ್ಕೂಟರ್ ಸವಾರಿ, ಮೈಸೂರು (ಭಾನುವಾರ ಸಂಜೆ)

ಅಕ್ಕಾ, ನಾನು ದಿನಾ ಅದೇ ಸರ್ಕಲ್‌ಗಳಲ್ಲಿ ಸ್ಕೂಟರಿನಲ್ಲಿ ಇರುವವಳು. ನಿಮ್ಮ ಕಾರಿನ ಎಡಗಡೆ ಕಾಯುವವಳು ನಾನೇ ಅಂತ ಇಟ್ಟುಕೊಳ್ಳಿ. ನಮ್ಮ ಕಡೆಯಿಂದ ಮೂರು ಮಾತು.

ಒಂದು, ಹಿಂದಿನಿಂದ ಹತ್ತಿರ ಬಂದು ಜೋರಾಗಿ ಹಾರನ್ ಮಾಡಬೇಡಿ. ಬೆಚ್ಚಿ ನಾವು ಬಲಕ್ಕೇ ವಾಲುತ್ತೇವೆ. ದೂರದಲ್ಲೇ ಒಂದು ಸಣ್ಣ ಪೀಂ ಸಾಕು. ಎರಡು, ನಾವು ಇದ್ದಕ್ಕಿದ್ದಂತೆ ಪಕ್ಕಕ್ಕೆ ಸರಿದರೆ ಅಲ್ಲಿ ಗುಂಡಿ ಇದೆ ಅಂತ ಅರ್ಥ. ನಮಗೆ ಗುಂಡಿ ಕಂಡದ್ದು ಆಗಲೇ. ಅಷ್ಟು ಜಾಗ ಬಿಟ್ಟು ದಾಟಿ. ಮೂರನೆಯದು ನನ್ನ ಮೈಮೇಲೆ ಬಂದದ್ದು. ರಸ್ತೆ ಬದಿ ನಿಲ್ಲಿಸಿದ್ದ ಕಾರಿನವರು ನೋಡದೆ ಬಲಗಡೆ ಬಾಗಿಲು ತೆಗೆದರು. ನಾನು ಬಾಗಿಲಿಗೆ ಬಡಿದು ಬಿದ್ದೆ. ಕೊರಳ ಪಕ್ಕದ ಮೂಳೆ ಮುರಿಯಿತು. ಎರಡು ತಿಂಗಳು ಮಗಳಿಗೆ ಜಡೆ ಹಾಕಲಾಗಲಿಲ್ಲ.

ಅದಕ್ಕೆ ಒಂದು ಸುಲಭದ ಅಭ್ಯಾಸ ಇದೆ. ಡ್ರೈವರ್ ಸೀಟಿನಲ್ಲಿ ಕೂತವರು ಬಾಗಿಲನ್ನು ಎಡಗೈಯಿಂದ ತೆಗೆಯಬೇಕು. ಎಡಗೈ ಚಾಚಿದಾಗ ಮೈ ತಾನಾಗಿ ತಿರುಗುತ್ತದೆ, ಕಣ್ಣು ಹಿಂದಕ್ಕೆ ಹೋಗುತ್ತದೆ. ಇದನ್ನು ಡಚ್ ರೀಚ್ ಅನ್ನುತ್ತಾರೆ, ಸೈಕಲ್ ಜಾಸ್ತಿ ಇರುವ ನೆದರ್‌ಲ್ಯಾಂಡ್ಸ್‌ನ ರೂಢಿ. ಎಡಗಡೆ ಕೂರುವ ನಿಮ್ಮ ಅಪ್ಪನಿಗೆ ಬಲಗೈಯಿಂದ ತೆಗೆಯಲು ಹೇಳಿಕೊಡಿ. ಕಾರಿನ ಎಡಗಡೆಯೂ ಸ್ಕೂಟರುಗಳು ನುಗ್ಗುತ್ತವೆ, ಅದು ನಮ್ಮವರ ತಪ್ಪು, ಒಪ್ಪುತ್ತೇನೆ.

ಹುಣಸೂರಿನ ಮಗಳು (ಭಾನುವಾರ ರಾತ್ರಿ)

ಎಲ್ಲರ ಉತ್ತರ ಅಪ್ಪನಿಗೆ ಓದಿ ಹೇಳಿದೆ. ಅರಸೀಕೆರೆಯ ಅಣ್ಣನವರ ಮಾತು ಎರಡು ಸಲ ಓದಿಸಿದರು. "ಗಾಡಿಯ ಮೈ ನೋಡು ಅಂದ್ರಲ್ಲ, ಎತ್ತು ಕೊಂಡುಕೊಳ್ಳುವಾಗ ನಾವೂ ಅದನ್ನೇ ನೋಡ್ತಿದ್ವಿ" ಅಂದರು. ನಾಳೆ ಕಾರಿನಲ್ಲೇ ಹೋಗಲು ಒಪ್ಪಿದ್ದಾರೆ.

ಸ್ಕೂಟರ್ ತಂಗೀ, ಬಾಗಿಲಿನ ವಿಷಯ ಓದಿ ಸಂಕಟವಾಯಿತು. ಅಪ್ಪನಿಗೆ ಈಗಲೇ ಅಂಗಳದಲ್ಲಿ ನಾಲ್ಕು ಸಲ ಮಾಡಿಸಿದೆ. ಅವರಿಗೆ ಫಿಸ್ಟುಲಾ, ಅಂದರೆ ಡಯಾಲಿಸಿಸ್ ಸೂಜಿ ಚುಚ್ಚಲು ಆಪರೇಷನ್ ಮಾಡಿ ಜೋಡಿಸಿದ ರಕ್ತನಾಳ, ಇರುವುದು ಎಡಗೈಯಲ್ಲಿ. ಆ ಕೈಗೆ ಭಾರ ಬೀಳಬಾರದು, ಹಾಗಾಗಿ ಬಲಗೈಯಿಂದ ತೆಗೆಯುವುದೇ ಅವರಿಗೂ ಒಳ್ಳೆಯದು.

ಟ್ರ್ಯಾಕ್ಟರ್ ವಿಷಯ ಇನ್ನೂ ಮನಸ್ಸಿನಲ್ಲಿದೆ. ನಿಜ ಹೇಳಬೇಕೆಂದರೆ ಟ್ರೇಲರಿಗೆ ಹಿಂದೆ ದೀಪವೇ ಇರಲಿಲ್ಲ. ಮುಂದಿನ ಎಂಜಿನ್ನಿನ ದೀಪ ಒಂದು ಮೂಲೆಯಲ್ಲಿ ಮಿಣುಕಿದ್ದು ಕಂಡಿತು ಅಷ್ಟೇ.

ಕಬ್ಬಿನ ಗದ್ದೆ, ಬೆಳಗಾವಿ ಜಿಲ್ಲೆ (ಸೋಮವಾರ ಬೆಳಗ್ಗೆ)

ಅಕ್ಕಾವರ, ನಾ ಟ್ರ್ಯಾಕ್ಟರ್ ಹೊಡೆಯುವವ. ನಮ್ಮ ಕಡೆಯಿಂದ ಹೇಳತೀನಿ, ಕೇಳ್ರಿ.

ಬಹಳಷ್ಟು ಟ್ರೇಲರಿಗೆ ದೀಪದ ವೈರು ಇರುವುದಿಲ್ಲ. ಇದ್ದರೂ ಲೋಡ್ ಮಾಡುವಾಗ ಕಿತ್ತು ಹೋಗಿರುತ್ತದೆ. ಕಬ್ಬು ತುಂಬಿದ ಮೇಲೆ ಟ್ರ್ಯಾಕ್ಟರಿನ ಇಂಡಿಕೇಟರ್ ಹಿಂದಿನವರಿಗೆ ಕಾಣುವುದಿಲ್ಲ. ನಾನು ಕೈ ಹೊರಗೆ ಚಾಚಿದರೂ ಕಬ್ಬಿನ ಹೊರೆಗೆ ಮುಚ್ಚಿಹೋಗುತ್ತದೆ. ನನಗೂ ಹಿಂದೆ ಯಾರಿದ್ದಾರೆ ಕಾಣುವುದಿಲ್ಲ. ಎಂಜಿನ್ ಸದ್ದಿನಲ್ಲಿ ಹಾರನ್ ಕೇಳುವುದಿಲ್ಲ. ಎರಡು ಟ್ರೇಲರ್ ಎಳೆದರೆ ಬ್ರೇಕ್ ಒತ್ತಿದ ತಕ್ಷಣ ನಿಲ್ಲುವುದೂ ಇಲ್ಲ.

ಇದರಲ್ಲಿ ನಮ್ಮ ತಪ್ಪೈತಿ. ಮೂರು ವರ್ಷದ ಹಿಂದೆ ಕಬ್ಬು ನುರಿಸುವ ಸೀಸನ್ನಿನಲ್ಲಿ ಪಕ್ಕದ ಊರಿನ ಹುಡುಗ ಬೈಕಿನಲ್ಲಿ ಬಂದು ಕೆಟ್ಟು ನಿಂತಿದ್ದ ಟ್ರೇಲರಿಗೆ ಹಿಂದಿನಿಂದ ಬಡಿದ. ಕತ್ತಲಲ್ಲಿ ಅವನಿಗೆ ಏನೂ ಕಂಡಿರಲಿಲ್ಲ. ಟ್ರೇಲರ್ ನನ್ನದಲ್ಲ, ಆದರೆ ಆವತ್ತು ಎತ್ತಿದವರಲ್ಲಿ ನಾನೂ ಒಬ್ಬ. ಮರುದಿನವೇ ಹೋಗಿ ಕೆಂಪು ರಿಫ್ಲೆಕ್ಟರ್ ಪಟ್ಟಿ ತಂದು ಹಿಂದೆ ಪೂರ್ತಿ ಅಂಟಿಸಿದೆ. ದೀಪದ ವೈರನ್ನು ಪೈಪಿನ ಒಳಗೆ ಹಾಕಿಸಿದೆ, ಈಗ ಕೀಳುವುದಿಲ್ಲ. ಒಂದು ದಿನದ ಬಾಡಿಗೆಗಿಂತ ಕಡಿಮೆ ಖರ್ಚು. ಊರಿನಲ್ಲಿ ಹನ್ನೊಂದು ಟ್ರೇಲರಿಗೆ ಹಾಕಿಸಿದ್ದೇವೆ. ಉಳಿದವರನ್ನೂ ಬಿಡುವುದಿಲ್ಲ.

ನೀವು ನೆನಪಿಡಬೇಕಾದದ್ದು ಇಷ್ಟು. ರಾತ್ರಿ ಎದುರಿಗೆ ಒಂದೇ ಲೈಟು ಕಂಡರೆ ಬೈಕು ಅಂತ ತಿಳಿಯಬೇಡ್ರಿ. ಒಂದು ಲೈಟ್ ಹೋದ ಟ್ರ್ಯಾಕ್ಟರ್ ಇರಬಹುದು. ಉರಿಯುವುದು ಟ್ರ್ಯಾಕ್ಟರಿನ ಎಡಗಡೆಯದಾದರೆ ಉಳಿದ ಮೈಯೆಲ್ಲ ನಿಮ್ಮ ಕಡೆಗೆ ಇರುತ್ತದೆ.

ನಿವೃತ್ತ ಬಸ್ ಚಾಲಕ, ಅರಸೀಕೆರೆ (ಸೋಮವಾರ ಮಧ್ಯಾಹ್ನ)

ಬೆಳಗಾವಿ ತಮ್ಮನಿಗೆ ದೊಡ್ಡ ನಮಸ್ಕಾರ. ಹನ್ನೊಂದು ಟ್ರೇಲರ್ ಅಂದರೆ ಎಷ್ಟು ಮನೆ ಉಳಿದವೋ.

ತಂಗೀ, ರಾತ್ರಿಯ ಮಾತು ಬಂತು, ಹೇಳುತ್ತೇನೆ. ಎದುರಿನವನು ಹೈ ಬೀಮ್ ಇಳಿಸದಿದ್ದರೆ ನೀನೂ ಹೈ ಬೀಮ್ ಹಾಕಬೇಡ. ಒಬ್ಬ ಕುರುಡಾದದ್ದು ಸಾಲದೆ ಇಬ್ಬರೂ ಕುರುಡಾಗುತ್ತಾರೆ. ಒಂದು ಸಲ ಡಿಮ್ ಡಿಪ್ ಮಾಡಿ ನೆನಪಿಸು. ಕೇಳಲಿಲ್ಲವಾ, ವೇಗ ಇಳಿಸು, ಕಣ್ಣನ್ನು ನಿನ್ನ ಎಡಗಡೆ ಬಿಳಿ ಗೆರೆಯ ಮೇಲೆ ಇಡು. ಅವನ ದೀಪ ನೋಡಬೇಡ. ಗೆರೆ ಇಲ್ಲದ ಕಡೆ ರಸ್ತೆಯ ಎಡ ಅಂಚು ನೋಡು. ಅವನು ದಾಟಿದ ಮೇಲೂ ಕಣ್ಣು ಸರಿಹೋಗಲು ಕೆಲವು ಸೆಕೆಂಡ್ ಬೇಕು. ಆ ಹೊತ್ತಿನಲ್ಲೇ ದನ, ಸೈಕಲ್, ಕುಡಿದು ನಡೆಯುವವರು ಸಿಗುವುದು. 60ರ ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ ಹೆಚ್ಚುಕಡಿಮೆ 17 ಮೀಟರ್ ಓಡುತ್ತದೆ. ಮೂರು ಸೆಕೆಂಡ್ ಕಣ್ಣು ಮಂಜಾದರೆ ಐವತ್ತು ಮೀಟರ್ ನೀನು ಕಾಣದೆ ಓಡಿಸಿದ ಹಾಗೆ.

ಮುಂದಿನ ಗಾಡಿಗೆ ಎಷ್ಟು ದೂರ ಬಿಡಬೇಕು ಅನ್ನುವುದಕ್ಕೂ ಅದೇ ಲೆಕ್ಕ. ಮುಂದಿನ ಗಾಡಿ ಒಂದು ಮರ ದಾಟಿದಾಗ ಎಣಿಸಲು ಶುರುಮಾಡು. ಸಾವಿರದ ಒಂದು, ಸಾವಿರದ ಎರಡು, ಸಾವಿರದ ಮೂರು. ಅಷ್ಟಾದ ಮೇಲೆ ನಿನ್ನ ಗಾಡಿ ಆ ಮರ ಮುಟ್ಟಬೇಕು. ಮಳೆ ಇದ್ದರೆ ಐದರವರೆಗೆ ಎಣಿಸು. ಆ ಜಾಗಕ್ಕೆ ಯಾರಾದರೂ ಬಂದು ಸೇರಿಕೊಳ್ಳುತ್ತಾರೆ, ಗೊತ್ತು. ಸೇರಿಕೊಳ್ಳಲಿ, ಮತ್ತೆ ಎಣಿಸು.

ಗಾಡಿ ಜಾರಿದರೆ ಬ್ರೇಕನ್ನು ಒತ್ತಿ ಬಿಟ್ಟು ಒತ್ತಿ ಬಿಟ್ಟು ಮಾಡು. ಒಂದೇ ಸಲ ಒತ್ತಿ ಹಿಡಿಯಬೇಡ.

ಡ್ರೈವಿಂಗ್ ಮೇಷ್ಟ್ರು, ಶಿವಮೊಗ್ಗ (ಸೋಮವಾರ ಸಂಜೆ)

ಅಣ್ಣಾ, ಕೊನೆಯ ಮಾತಿಗೆ ಒಂದು ತಿದ್ದುಪಡಿ, ದಯವಿಟ್ಟು ತಪ್ಪು ತಿಳಿಯಬೇಡಿ. ಒತ್ತಿ ಬಿಡುವುದು ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಬಿಗಿದು ಜಾರದಂತೆ ತಡೆಯುವ ವ್ಯವಸ್ಥೆ) ಇಲ್ಲದ ಗಾಡಿಗೆ ಸರಿ. ಎಬಿಎಸ್ ಇರುವ ಕಾರಿನಲ್ಲಿ ಆ ಕೆಲಸವನ್ನು ಗಾಡಿಯೇ ಮಾಡುತ್ತದೆ, ಕಾಲಿಗಿಂತ ಎಷ್ಟೋ ಬೇಗ. ಅಲ್ಲಿ ಪೂರ್ತಿ ಒತ್ತಿ ಹಿಡಿಯಬೇಕು, ಬಿಡಬಾರದು. ಪೆಡಲ್ ಕಾಲ ಕೆಳಗೆ ಗಡಗಡ ಅನ್ನುತ್ತದೆ. ಹೊಸಬರು ಏನೋ ಮುರಿಯಿತು ಅಂತ ಹೆದರಿ ಕಾಲು ತೆಗೆಯುತ್ತಾರೆ. ಎಬಿಎಸ್ ಇದ್ದರೆ ಒತ್ತಿ ಹಿಡಿದುಕೊಂಡೇ ಸ್ಟೇರಿಂಗ್ ತಿರುಗಿಸಿ ಪಕ್ಕಕ್ಕೆ ಸರಿಯಬಹುದು.

ಮೇಡಂ, ನಿಮ್ಮ ಕಾರು ಯಾವ ವರ್ಷದ್ದು? ಕೀಲಿ ಹಾಕಿದಾಗ ಮೀಟರಿನಲ್ಲಿ ಎಬಿಎಸ್ ಅಂತ ಒಂದು ದೀಪ ಹತ್ತಿ ಆರುತ್ತದಾ ನೋಡಿ. ಆರಿದರೆ ಸರಿ ಇದೆ ಅಂತ. ಖಾಲಿ ಮೈದಾನದಲ್ಲಿ 30ರ ವೇಗದಲ್ಲಿ ಒಮ್ಮೆ ಪೂರ್ತಿ ಬ್ರೇಕ್ ಒತ್ತಿ ಅಭ್ಯಾಸ ಮಾಡಿಕೊಳ್ಳಿ. ಕಷ್ಟದ ಹೊತ್ತಿನಲ್ಲಿ ಕಾಲಿಗೆ ಅದು ಮೊದಲ ಸಲ ಆಗಬಾರದು.

ನಿವೃತ್ತ ಬಸ್ ಚಾಲಕ, ಅರಸೀಕೆರೆ (ಸೋಮವಾರ ಸಂಜೆ)

ಸರಿ ಮೇಷ್ಟ್ರೇ. ನಾನು ಹೇಳಿದ್ದು ನಮ್ಮ ಕಾಲದ ಬಸ್ಸಿನದು. ತಂಗೀ, ಅವರು ಹೇಳಿದ ಹಾಗೇ ಮಾಡು.

ನಡೆದೇ ಓಡಾಡುವವರು, ಧಾರವಾಡ (ಮಂಗಳವಾರ)

ಇಷ್ಟೂ ಓದಿದೆ. ನಾನು 72 ವರ್ಷದ ನಿವೃತ್ತ ಶಿಕ್ಷಕಿ. ನನ್ನ ಹತ್ತಿರ ಗಾಡಿ ಇಲ್ಲ. ದಿನಾ ತರಕಾರಿಗೆ ಒಂದು ದೊಡ್ಡ ರಸ್ತೆ ದಾಟಬೇಕು. ಅಲ್ಲಿ ಬಿಳಿ ಪಟ್ಟೆ ಇದೆ. ಪಟ್ಟೆಯ ಮೇಲೆ ನಡೆಯುವವರಿಗೆ ಗಾಡಿಗಳು ನಿಲ್ಲಬೇಕು ಅಂತ ನಿಯಮವೂ ಇದೆ. ಯಾರೂ ನಿಲ್ಲುವುದಿಲ್ಲ. ನಾನು ಕೈ ಚಾಚಿ ದೇವರ ಮೇಲೆ ಭಾರ ಹಾಕಿ ಇಳಿಯುತ್ತೇನೆ.

ಮಗಾ, ನಿನಗೊಂದು ಕೇಳಿಕೊಳ್ಳುತ್ತೇನೆ. ನಿಲ್ಲಿಸುವುದಾದರೆ ಸ್ವಲ್ಪ ಮೊದಲೇ ವೇಗ ಇಳಿಸು. ಹತ್ತಿರ ಬಂದು ಗಕ್ಕನೆ ನಿಲ್ಲಿಸಿದರೆ ನೀನು ನಿಲ್ಲುತ್ತೀಯಾ ಇಲ್ಲವಾ ಅಂತ ನಮಗೆ ತಿಳಿಯುವುದಿಲ್ಲ, ಹಿಂದೆ ಮುಂದೆ ಹೆಜ್ಜೆ ಹಾಕುತ್ತೇವೆ. ಇನ್ನೊಂದು, ಪಕ್ಕದ ಸಾಲಿನ ಗಾಡಿ ನಿಲ್ಲುತ್ತದೆ ಅಂತ ಗೊತ್ತಿಲ್ಲದೆ ಕೈ ಬೀಸಿ "ಬನ್ನಿ ಅಜ್ಜಿ" ಅನ್ನಬೇಡ. ನಿನ್ನನ್ನು ನಂಬಿ ಬರುತ್ತೇವೆ, ನಿನ್ನ ಪಕ್ಕದಿಂದ ಬೈಕು ಬರುತ್ತದೆ. ನನ್ನ ಗೆಳತಿಗೆ ಹಾಗೇ ಆಯಿತು. ನಿಂತವರು ಒಳ್ಳೆಯವರೇ. ಕರೆದವರು ಅವರು, ಬಡಿದದ್ದು ಇನ್ನೊಬ್ಬರು.

ಆಂಬುಲೆನ್ಸ್ ಚಾಲಕ, ಕೊಪ್ಪಳ (ಮಂಗಳವಾರ)

ನನ್ನದು ಚಿಕ್ಕ ಮಾತು. ಹಿಂದೆ ಸೈರನ್ ಕೇಳಿದಾಗ ಹೊಸಬರು ಗಾಬರಿಯಿಂದ ಇದ್ದಲ್ಲೇ ನಿಂತುಬಿಡುತ್ತಾರೆ. ನಿಲ್ಲಬೇಡಿ. ಎಡ ಇಂಡಿಕೇಟರ್ ಹಾಕಿ, ಎಡಕ್ಕೆ ಸರಿಯಿರಿ, ಆಮೇಲೆ ನಿಧಾನ ಮಾಡಿ. ಆ ದೀಪ ಕಂಡರೆ ನೀವು ನಮ್ಮನ್ನು ನೋಡಿದ್ದೀರಿ ಅಂತ ನಮಗೆ ತಿಳಿಯುತ್ತದೆ, ಅಷ್ಟರಿಂದಲೇ ಅರ್ಧ ಭಾರ ಇಳಿಯುತ್ತದೆ. ನಾವು ದಾಟಿದ ಮೇಲೆ ಖಾಲಿಯಾದ ದಾರಿಯಲ್ಲಿ ನಮ್ಮ ಬಾಲ ಹಿಡಿದು ಬರಬೇಡಿ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ಆದಮೇಲೆ ಆಂಬುಲೆನ್ಸಿಗೆ ದಾರಿ ಬಿಡದಿದ್ದರೆ 10,000 ರೂಪಾಯಿವರೆಗೆ ದಂಡವಿದೆ. ದಂಡಕ್ಕೆ ಹೆದರಿ ಬಿಡಿ ಅಂತ ಹೇಳುತ್ತಿಲ್ಲ. ಒಳಗೆ ಮಲಗಿದವರು ಯಾರದೋ ಅಪ್ಪ, ನಿಮಗೆ ನಾನು ಬಿಡಿಸಿ ಹೇಳಬೇಕಿಲ್ಲ.

ಸ್ಟುಟ್‌ಗಾರ್ಟ್ ಕನ್ನಡಿಗ (ಮಂಗಳವಾರ)

ತುಮಕೂರಿನ ಸ್ನೇಹಿತರೇ, ಇಲ್ಲಿನದು ಅಲ್ಲಿ ನಡೆಯಲ್ಲ ಅಂದಿರಿ. ಒಂದು ಮಾತ್ರ ನಡೆಯುತ್ತದೆ ಅಂತ ನನಗೆ ನಂಬಿಕೆ. ಎರಡು ಸಾಲು ಒಂದಾಗುವ ಕಡೆ ಇಲ್ಲಿ ಜಿಪ್ ಹಾಕುವ ಹಾಗೆ ಹೋಗುತ್ತಾರೆ. ಈ ಸಾಲಿನಿಂದ ಒಂದು, ಆ ಸಾಲಿನಿಂದ ಒಂದು. ಹೋದ ವರ್ಷ ಊರಿನ ರೈಲ್ವೆ ಗೇಟ್ ಹತ್ತಿರ ನಾನು ಒಬ್ಬನೇ ಒಂದು ಆಟೋಗೆ ಹಾಗೆ ಬಿಟ್ಟೆ. ನನ್ನ ಹಿಂದಿನವನು ಅವನ ಪಕ್ಕದ ಕಾರಿಗೆ ಬಿಟ್ಟ. ಏಳೆಂಟು ಗಾಡಿ ಹಾಗೇ ಹೋದವು. ಯಾರೂ ಹೇಳಿಕೊಟ್ಟಿರಲಿಲ್ಲ.

ಬೈಪಾಸ್ ರಸ್ತೆ, ತುಮಕೂರು (ಮಂಗಳವಾರ ರಾತ್ರಿ)

ಸರ್, ನಾನು ಮೊದಲು ಬರೆದದ್ದು ಅವಸರದ ಮಾತು. ಅಕ್ಕಾವ್ರ ಅಪ್ಪನ ವಿಷಯ ಸರಿಯಾಗಿ ಓದಿರಲಿಲ್ಲ. ಕ್ಷಮಿಸಿ. ನನ್ನ ತಂದೆಯನ್ನೂ ಹೀಗೇ ಎರಡು ವರ್ಷ ಬೆಂಗಳೂರಿಗೆ ಕರೆದುಕೊಂಡು ಓಡಾಡಿದ್ದೇನೆ. ಬರುವಾಗ ಅವರಿಗೆ ಬಿಪಿ ಇಳಿದಿರುತ್ತಿತ್ತು, ಹಂಪಿನ ಮೇಲೆ ಜೋರಾಗಿ ಹತ್ತಿಸಿದರೆ ವಾಂತಿ ಆಗುತ್ತಿತ್ತು. ಸೀಟು ಸ್ವಲ್ಪ ಹಿಂದಕ್ಕೆ ವಾಲಿಸಿ, ಬೆಲ್ಟ್ ಮಾತ್ರ ಬಿಚ್ಚಬೇಡಿ. ಒಂದು ಪ್ಲಾಸ್ಟಿಕ್ ಕವರ್, ಒಂದು ಟವೆಲ್ ಕೈಗೆ ಸಿಗುವ ಕಡೆ ಇಡಿ. ಮೊದಮೊದಲು ನಾನು ಹಂಪ್ ನೋಡದೇ ಹತ್ತಿಸುತ್ತಿದ್ದೆ. ಕೊನೆಕೊನೆಗೆ ಆ ದಾರಿಯ ಒಂದೊಂದು ಹಂಪೂ ಬಾಯಿಪಾಠವಾಗಿತ್ತು.

ನಿವೃತ್ತ ಬಸ್ ಚಾಲಕ, ಅರಸೀಕೆರೆ (ಬುಧವಾರ)

ಇದು ನಾನು ಹೇಳಬೇಕೆಂದಿದ್ದ ಮಾತು, ತುಮಕೂರಿನ ತಮ್ಮ ನೆನಪಿಸಿದ. ಒಳ್ಳೆಯ ಡ್ರೈವರ್ ಯಾರು ಅಂತ ನಾವು ಡಿಪೋದಲ್ಲಿ ಹೇಗೆ ಹೇಳುತ್ತಿದ್ದೆವು ಗೊತ್ತಾ? ಕಿಟಕಿಗೆ ತಲೆ ಒರಗಿಸಿ ಮಲಗಿದವರ ತಲೆ ಗಾಜಿಗೆ ಬಡಿಯಬಾರದು. ಅಷ್ಟೇ ಪರೀಕ್ಷೆ. ಅದಕ್ಕೆ ದೂರ ನೋಡಬೇಕು. ಎರಡು ಗಾಡಿಯ ಆಚೆ ಬ್ರೇಕ್ ಲೈಟ್ ಹತ್ತಿದಾಗಲೇ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ನಿನ್ನ ಬ್ರೇಕಿಗೆ ಕೆಲಸವೇ ಇರುವುದಿಲ್ಲ. ಹಿಂದಿನವನಿಗೂ ಮೊದಲೇ ತಿಳಿಯುತ್ತದೆ.

ನಿಮ್ಮ ಕಡೆ ರಾಗಿ, ಹುರುಳಿ ಒಕ್ಕಣೆಗೆ ರಸ್ತೆ ಮೇಲೆ ಹರಡುತ್ತಾರೆ. ಅದರ ಮೇಲೆ ಬ್ರೇಕ್ ಒತ್ತಬೇಡ, ಸೋಪಿನ ಮೇಲೆ ಜಾರಿದ ಹಾಗೆ ಜಾರುತ್ತದೆ. ಮೊದಲೇ ವೇಗ ಇಳಿಸಿ ಸ್ಟೇರಿಂಗ್ ನೇರ ಹಿಡಿದು ದಾಟು. ಹುಲ್ಲು ಗಾಡಿ ಅಡಿಯಲ್ಲಿ ಸುತ್ತಿಕೊಂಡು ಸೈಲೆನ್ಸರ್ ಶಾಖಕ್ಕೆ ಬೆಂಕಿ ಹತ್ತುವುದೂ ಉಂಟು. ದಾಟಿದ ಮೇಲೆ ಒಂದು ಕಡೆ ನಿಲ್ಲಿಸಿ ಬಗ್ಗಿ ನೋಡು. ಕಣ ಇಲ್ಲದ ರೈತ ಎಲ್ಲಿ ಒಕ್ಕಬೇಕು ಅಂತ ನನಗೂ ಗೊತ್ತಿದೆ, ಅವರ ಮೇಲೆ ಸಿಟ್ಟು ಬೇಡ. ಅಲ್ಲಿ ಹೆಣ್ಣುಮಕ್ಕಳು ಬಗ್ಗಿ ಕೆಲಸ ಮಾಡುತ್ತಿರುತ್ತಾರೆ, ಅವರಿಗೆ ಸರಿಯಲು ಸಮಯ ಕೊಡು.

ಹುಣಸೂರಿನ ಮಗಳು (ಗುರುವಾರ ರಾತ್ರಿ)

ಇವತ್ತು ಹೋಗಿ ಬಂದೆವು. ಬೆಳಗ್ಗೆ ಐದೂವರೆಗೆ ಹೊರಟೆ. ಬಿಳಿಕೆರೆ ಹತ್ತಿರ ಮಂಜು ಇತ್ತು. ಹೆಡ್‌ಲೈಟ್ ಲೋ ಬೀಮಿನಲ್ಲಿ ಇಟ್ಟು ಎಡ ಅಂಚು ನೋಡಿಕೊಂಡು 40ರಲ್ಲಿ ಹೋದೆ. ಎರಡು ಬಸ್ಸು ಹಾರನ್ ಮಾಡಿ ದಾಟಿದವು. ಎಡಕ್ಕೆ ಸರಿದು ಬಿಟ್ಟೆ. ಇಲವಾಲ ದಾಟಿದ ಮೇಲೆ ಬೆಳಕಾಯಿತು.

ಸರ್ಕಲ್ಲಿನಲ್ಲಿ ಬಲಕ್ಕೆ ನೋಡಿ ಕಾದೆ. ಹಿಂದಿನ ಆಟೋದವರು ಹಾರನ್ ಒತ್ತಿದರು. ನಾನು ಹೊರಡಲಿಲ್ಲ. ಮೂರು ಗಾಡಿ ದಾಟಿದ ಮೇಲೆ ಜಾಗ ಸಿಕ್ಕಿತು. ಹೊರಗೆ ಬರುವಾಗ ಎಡ ಇಂಡಿಕೇಟರ್ ಹಾಕಿದೆ. ಎಡಗಡೆ ಕಾಯುತ್ತಿದ್ದ ಒಬ್ಬ ಸ್ಕೂಟರಿನ ಹುಡುಗಿ ಅದನ್ನು ನೋಡಿ ಹೊರಟಳು. ಮೈಸೂರಿನ ತಂಗೀ, ನೀವೇ ಇರಬಹುದಾ ಅಂತ ದಾರಿಯುದ್ದಕ್ಕೂ ಅನ್ನಿಸಿತು.

ಬರುವಾಗ ಹಳ್ಳಿಯ ರಸ್ತೆಯಲ್ಲಿ ಮತ್ತೆ ಒಂದು ಲಾರಿ ಬಲ ಇಂಡಿಕೇಟರ್ ಹಾಕಿತು. ಅದರ ಎಡ ಚಕ್ರ ನೋಡಿದೆ. ಮಣ್ಣಿಗೆ ಇಳಿದಿತ್ತು. ಬಲಗಡೆ ಹೊಲಕ್ಕೆ ದಾರಿ ಇರಲಿಲ್ಲ. ಎದುರು ರಸ್ತೆ ಅರ್ಧ ಮೈಲಿ ಖಾಲಿ ಕಾಣುತ್ತಿತ್ತು. ದಾಟಿದೆ. ಮನೆ ಮುಂದೆ ಬಂದು ನಿಲ್ಲಿಸಿ ನೋಡಿದರೆ ಅಪ್ಪ ಕಿಟಕಿಗೆ ತಲೆ ಒರಗಿಸಿ ನಿದ್ದೆ ಮಾಡುತ್ತಿದ್ದರು. ಎಬ್ಬಿಸದೆ ಸ್ವಲ್ಪ ಹೊತ್ತು ಹಾಗೇ ಕೂತಿದ್ದೆ.

ಮೇಷ್ಟ್ರೇ, ಕಾರು 2019ರದ್ದು. ಎಬಿಎಸ್ ದೀಪ ಹತ್ತಿ ಆರುತ್ತದೆ. ಭಾನುವಾರ ಸ್ಕೂಲ್ ಮೈದಾನದಲ್ಲಿ ಬ್ರೇಕ್ ಅಭ್ಯಾಸ ಮಾಡುತ್ತೇನೆ. ಡಿಎಲ್ ಬಂದ ಮೇಲೂ ಎಲ್ ಬೋರ್ಡ್ ಹಾಕಿಕೊಂಡರೆ ತಪ್ಪಾ? ಜನ ಸ್ವಲ್ಪ ತಾಳ್ಮೆ ತೋರಿಸಬಹುದು ಅಂತ ಕೇಳಿದೆ.

ಡ್ರೈವಿಂಗ್ ಮೇಷ್ಟ್ರು, ಶಿವಮೊಗ್ಗ (ಗುರುವಾರ ರಾತ್ರಿ)

ಬಹಳ ಸಂತೋಷ ಮೇಡಂ. ಬಿಳಿ ಹಿನ್ನೆಲೆಯ ಕೆಂಪು ಎಲ್ ಎಲ್‌ಎಲ್ ಇರುವವರಿಗೆ ಇರುವ ಗುರುತು. ಡಿಎಲ್ ಬಂದ ಮೇಲೆ ತೆಗೆದುಬಿಡಿ. ಅದರ ಬದಲು ಹಿಂದಿನ ಗಾಜಿನ ಕೆಳಗಿನ ಮೂಲೆಯಲ್ಲಿ "ಹೊಸ ಚಾಲಕಿ, ರೋಗಿ ಇದ್ದಾರೆ" ಅಂತ ಕನ್ನಡದಲ್ಲಿ ಬರೆದು ಅಂಟಿಸಿ. ಕನ್ನಡಿಯಲ್ಲಿ ಹಿಂದಿನ ನೋಟಕ್ಕೆ ಅಡ್ಡ ಬರದ ಹಾಗೆ ನೋಡಿಕೊಳ್ಳಿ.

ನಿವೃತ್ತ ಬಸ್ ಚಾಲಕ, ಅರಸೀಕೆರೆ (ಗುರುವಾರ ರಾತ್ರಿ)

ಅಪ್ಪ ನಿದ್ದೆ ಮಾಡಿದರು ಅಂದೆಯಲ್ಲ ತಂಗೀ, ಅದನ್ನು ಓದಿ ಮನೆಯವರನ್ನೂ ಕರೆದು ತೋರಿಸಿದೆ. ವೈಪರಿನ ರಬ್ಬರ್ ಒಂದು ಸಲ ಬೆರಳಿನಿಂದ ಮುಟ್ಟಿ ನೋಡು. ಒಣಗಿ ಒರಟಾಗಿದ್ದರೆ ಸೋಮವಾರದ ಒಳಗೆ ಬದಲಾಯಿಸಿಬಿಡು. ಗಾಜು ತೊಳೆಯುವ ನೀರಿನ ಡಬ್ಬವನ್ನೂ ತುಂಬಿಸು.